ಎಲಿಜಬೆತ್ ಕಂಡುಕೊಂಡ ದಾರಿ



ಒಂದು ರಾತ್ರಿ ಕಲಿಕಾ ಕೇಂದ್ರದಲ್ಲಿ ಪಾಠ ಮುಗಿದಿತ್ತು. ಎಲ್ಲರೂ ಸ್ಲೇಟು ಒರೆಸಿ ಎದ್ದರು. ಒಬ್ಬ ಅಕ್ಕ ಮಾತ್ರ ಬಾಗಿಲ ಹತ್ತಿರ ನಿಂತರು. ಮೆಲ್ಲಗೆ ಕೇಳಿದರು:

“ಟೀಚರ್, ನಾನು ಓದು ಬರಹ ಕಲಿತರೆ ನನ್ನ ಗಂಡ ಕುಡಿಯೋದು ಬಿಡ್ತಾನಾ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬಿಡ್ತಾನೆ ಅಂದರೆ ಸುಳ್ಳಾಗುತ್ತದೆ. ಬಿಡೋದಿಲ್ಲ ಅಂದರೆ ಅವರು ನಾಳೆಯಿಂದ ಬರದೇ ಹೋಗಬಹುದು. ಆ ರಾತ್ರಿ ನನಗೆ ಒಬ್ಬ ಹೆಂಗಸಿನ ಕತೆ ನೆನಪಾಯಿತು. ಆಕೆ ನಮ್ಮ ದೇಶದವಳಲ್ಲ, ನಮ್ಮ ಕಾಲದವಳೂ ಅಲ್ಲ. ಆದರೆ ಆಕೆಯ ಕತೆಯಲ್ಲಿ ಆ ಅಕ್ಕನ ಪ್ರಶ್ನೆಗೆ ಉತ್ತರ ಇದೆ ಅನ್ನಿಸಿತು. ಇದು ನಿಜವಾಗಿ ನಡೆದ ಕತೆ. ನಿಧಾನವಾಗಿ ಓದಿ.

ಹದಿನಾಲ್ಕನೇ ವಯಸ್ಸಿನ ಮದುವೆ

ಆಕೆಯ ಹೆಸರು ಎಲಿಜಬೆತ್. ಹುಟ್ಟಿದ್ದು 1713ರಲ್ಲಿ, ಇಂಗ್ಲೆಂಡ್ ದೇಶದ ಮಿಡಲ್‌ವಿಚ್ ಎಂಬ ಊರಿನಲ್ಲಿ. ತಂದೆ ಹಡಗಿನ ವೈದ್ಯ. ವರ್ಷದಲ್ಲಿ ಬಹಳ ದಿನ ಸಮುದ್ರದ ಮೇಲೆಯೇ ಇರುತ್ತಿದ್ದ. ಮಗಳನ್ನು ಬೆಳೆಸಿದ್ದು ತಾಯಿ. ತಾಯಿ ದೈವಭಕ್ತೆ. ಮಗಳಿಗೂ ಒಳ್ಳೆಯ ನಡತೆ ಕಲಿಸಿದಳು.

ಎಲಿಜಬೆತ್‌ಗೆ ಹದಿನಾಲ್ಕು ವರ್ಷ. ಒಬ್ಬ ಹುಡುಗನ ಮೇಲೆ ಮನಸ್ಸಾಯಿತು. ಅವನು ಕಾಲುಚೀಲ ನೇಯುವ ಬಡವ. ಮನೆಯವರಿಗೆ ಹೇಳದೆ ಅವನ ಜೊತೆ ಓಡಿಹೋಗಿ ಮದುವೆಯಾದಳು. ಆದರೆ ಐದೇ ತಿಂಗಳಲ್ಲಿ ಗಂಡ ತೀರಿಕೊಂಡ. ಹದಿನಾಲ್ಕು ವರ್ಷದ ಹುಡುಗಿ ವಿಧವೆಯಾದಳು.

ತವರಿಗೆ ಹೋಗೋಣವೆಂದರೆ ತಂದೆ ಒಪ್ಪಲಿಲ್ಲ. ಅವನ ಸಿಟ್ಟು ಇಳಿದಿರಲಿಲ್ಲ. ತಾಯಿಯ ಕರುಳು ಕೇಳಬೇಕಲ್ಲ? ಅವಳು ಮಗಳನ್ನು ಐರ್ಲೆಂಡಿನಲ್ಲಿದ್ದ ಬಂಧುಗಳ ಮನೆಗೆ ಕಳಿಸಿದಳು. ಅಲ್ಲಿ ಎಲಿಜಬೆತ್ ಕೆಲವು ವರ್ಷ ಕಳೆದಳು. ಅಲ್ಲಿನ ಜನರ ಭಾಷೆಯನ್ನೂ ಕಲಿತಳು. ಆದರೆ ಬಂಧುಗಳ ಮನೆಯಲ್ಲಿ ಎಷ್ಟು ದಿನ ಇರೋದು? ಅಮೆರಿಕಕ್ಕೆ ಹೋಗಿ ಬದುಕು ಕಟ್ಟಿಕೊಳ್ಳೋಣ ಅಂತ ಆಸೆಯಾಯಿತು.

ಆಗ ಅಮೆರಿಕ ಈಗಿನ ಹಾಗೆ ಸ್ವತಂತ್ರ ದೇಶವಲ್ಲ. ಅದರ ಪೂರ್ವ ಕರಾವಳಿಯಲ್ಲಿ ಬ್ರಿಟಿಷರ ವಸಾಹತುಗಳಿದ್ದವು. ಮುಂದೆ ನಮ್ಮ ದೇಶವನ್ನೂ ಆಳಿದ ಅದೇ ಬ್ರಿಟಿಷರು. ಬ್ರಿಟಿಷರ ಆಳ್ವಿಕೆ ಒಲ್ಲೆವೆಂದು ಆ ವಸಾಹತುಗಳು ಸಾರಿದ್ದು 1776ರಲ್ಲಿ. ನಮ್ಮ ಕತೆ ನಡೆದದ್ದು ಅದಕ್ಕಿಂತ ನಲವತ್ತು ವರ್ಷ ಹಿಂದೆ.

ಬೆದರಿಸಿ ಹಾಕಿಸಿದ ಸಹಿ

1732ರಲ್ಲಿ ಎಲಿಜಬೆತ್ ಹಡಗು ಹತ್ತಿದಳು. ಹಡಗಿನಲ್ಲಿ ಐರ್ಲೆಂಡಿನ ಅನೇಕ ಆಳುಗಳಿದ್ದರು. ಹಡಗಿನವರನ್ನು ಕೊಂದು ತಪ್ಪಿಸಿಕೊಳ್ಳಬೇಕು ಅಂತ ಅವರು ತಮ್ಮ ಭಾಷೆಯಲ್ಲಿ ಪಿತೂರಿ ಮಾಡುತ್ತಿದ್ದರು. ಈ ಹುಡುಗಿಗೆ ತಮ್ಮ ಭಾಷೆ ಬರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ಎಲಿಜಬೆತ್ ಎಲ್ಲವನ್ನೂ ಕೇಳಿಸಿಕೊಂಡಳು. ಹಡಗಿನ ಕಪ್ತಾನನಿಗೆ ತಿಳಿಸಿದಳು. ಕಪ್ತಾನನ ಪ್ರಾಣ ಉಳಿಯಿತು.

ಅವನು ಉಪಕಾರ ನೆನೆದನೇ? ಇಲ್ಲ. ನ್ಯೂಯಾರ್ಕ್ ತಲುಪಿದಾಗ ಅವನು ಅವಳ ಮುಂದೆ ಒಂದು ಕಾಗದ ಹಿಡಿದ. ಸಹಿ ಹಾಕು ಎಂದು ಬೆದರಿಸಿದ. ಅದು ಜೀತದ ಕರಾರು. ಅವಳಿಗೆ ಓದಲು ಬರುತ್ತಿತ್ತು. ಕಾಗದದಲ್ಲಿ ಏನಿದೆ ಅಂತ ತಿಳಿಯುತ್ತಿತ್ತು. ಆದರೆ ಗುರುತು ಪರಿಚಯವಿಲ್ಲದ ಊರು. ಪರವಾಗಿ ಮಾತಾಡಲು ಒಬ್ಬರೂ ಇಲ್ಲ. ಹೆದರಿ ಸಹಿ ಹಾಕಿದಳು. ನಾಲ್ಕು ವರ್ಷದ ಜೀತಕ್ಕೆ ಬಿದ್ದಳು.

ಆ ಕಾಲದಲ್ಲಿ ಸಾವಿರಾರು ಬಡವರು ಹೀಗೆಯೇ ಅಮೆರಿಕಕ್ಕೆ ಹೋಗುತ್ತಿದ್ದರು. ಹಡಗಿನ ಖರ್ಚಿಗೆ ಬದಲಾಗಿ ಇಷ್ಟು ವರ್ಷ ದುಡಿಯುತ್ತೇನೆ ಅಂತ ಕರಾರು ಬರೆದುಕೊಡಬೇಕಿತ್ತು. ಕಪ್ತಾನರು ಆ ಕರಾರನ್ನು ಅಲ್ಲಿನ ಯಜಮಾನರಿಗೆ ಮಾರುತ್ತಿದ್ದರು. ಆಫ್ರಿಕಾದಿಂದ ಹಿಡಿದು ತಂದ ಜನರ ಪಾಡು ಇನ್ನೂ ಘೋರ. ಅವರಿಗೆ ಕರಾರೂ ಇಲ್ಲ, ಅವಧಿಯೂ ಇಲ್ಲ. ಬದುಕಿರುವ ತನಕ ಗುಲಾಮಗಿರಿ. ಅವರ ಮಕ್ಕಳಿಗೂ ಗುಲಾಮಗಿರಿ.

ಸೂಜಿಯಿಂದ ಬಿಡುಗಡೆ

ಎಲಿಜಬೆತ್‌ಳನ್ನು ಕೊಂಡ ಯಜಮಾನ ಹೊರಗೆ ಬಹಳ ದೈವಭಕ್ತ. ಮನೆಯಲ್ಲಿ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಆದರೆ ಆಳುಮಗಳಿಗೆ ಮೈಮುಚ್ಚುವಷ್ಟು ಬಟ್ಟೆ ಕೊಡುತ್ತಿರಲಿಲ್ಲ. ಹಿಮ ಬಿದ್ದ ನೆಲದ ಮೇಲೆ ಅವಳು ಬರಿಗಾಲಲ್ಲಿ ಓಡಾಡಬೇಕಿತ್ತು. ಒಮ್ಮೆ ಅವಳು ಅವನ ನಡತೆಯ ಬಗ್ಗೆ ಯಾರ ಹತ್ತಿರವೋ ಹೇಳಿಕೊಂಡಳು. ಅದು ಅವನ ಕಿವಿಗೆ ಬಿತ್ತು. ಅಪರಾಧಿಗಳಿಗೆ ಚಾಟಿಯಿಂದ ಹೊಡೆಯುವ ಊರಿನ ಆಳನ್ನೇ ಮನೆಗೆ ಕರೆಸಿದ. ಎಲಿಜಬೆತ್ ತಂದೆಯ ಹೆಸರೆತ್ತಿ ಬೇಡಿಕೊಂಡಳು. ಕೊನೆಗೆ ಯಜಮಾನ ಆ ಆಳನ್ನು ವಾಪಸು ಕಳಿಸಿದ.

ಹೊರಗೆ ಪ್ರಾರ್ಥನೆ, ಒಳಗೆ ಕ್ರೌರ್ಯ. ಇದನ್ನು ಕಂಡು ಅವಳಿಗೆ ದೇವರು ಧರ್ಮದ ಮೇಲೆಯೇ ನಂಬಿಕೆ ಹೋಯಿತು. ಬದುಕೇ ಬೇಡ ಅಂತಲೂ ಒಮ್ಮೆ ಅನ್ನಿಸಿತು. ಆದರೆ ಒಳಮನಸ್ಸು ತಡೆಯಿತು. ಸಾವಿನಿಂದ ಹಿಂದೆ ಸರಿದಳು.

ಅವಳಿಗೆ ಹೊಲಿಗೆ ಬರುತ್ತಿತ್ತು. ಹೊಲಿಗೆ ಮಾಡಿ ಕಾಸಿಗೆ ಕಾಸು ಕೂಡಿಸಿದಳು. ಮೂರು ವರ್ಷ ಜೀತ ಮಾಡಿದ ಮೇಲೆ ಉಳಿದ ಒಂದು ವರ್ಷಕ್ಕೆ ಹಣ ಕಟ್ಟಿದಳು. ಜೀತದಿಂದ ಹೊರಗೆ ಬಂದಳು. ಯಾರೂ ಅವಳನ್ನು ಬಿಡಿಸಲಿಲ್ಲ. ತನ್ನ ದುಡಿಮೆಯಿಂದ ತನ್ನನ್ನು ತಾನೇ ಬಿಡಿಸಿಕೊಂಡಳು.

ಎರಡನೇ ಮದುವೆ

ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಎಲಿಜಬೆತ್ ಮತ್ತೆ ಮದುವೆಯಾದಳು. ಗಂಡನ ಹೆಸರು ಸಲಿವನ್. ಶಾಲೆಯ ಮೇಷ್ಟ್ರು. ಎಲಿಜಬೆತ್ ಚೆನ್ನಾಗಿ ಹಾಡುತ್ತಿದ್ದಳು, ಕುಣಿಯುತ್ತಿದ್ದಳು. ಅವಳ ಕುಣಿತ ನೋಡಿ ಅವನು ಮರುಳಾಗಿದ್ದ. ಅದು ಮದುವೆಗೆ ಸಾಕಾಗುವ ಕಾರಣವಲ್ಲ ಅಂತ ಅವಳೇ ಮುಂದೆ ಬರೆದಳು.

ಸಲಿವನ್ ಒಂದು ಊರಲ್ಲಿ ನಿಲ್ಲುವವನಲ್ಲ. ಇಂದು ಈ ಊರು, ನಾಳೆ ಮತ್ತೊಂದು ಊರು. ಹೆಂಡತಿಯೂ ಅವನ ಹಿಂದೆಯೇ ಅಲೆದಳು.

ಬಾಸ್ಟನ್ ಎಂಬ ಊರಿನಲ್ಲಿ ಅವಳು ಒಮ್ಮೆ ಕ್ವೇಕರರ ಸಭೆಗೆ ಹೋದಳು. ಅಲ್ಲಿ ಒಬ್ಬ ಹೆಂಗಸು ಎದ್ದು ನಿಂತು ಧರ್ಮದ ಮಾತು ಹೇಳಿದಳು. ಎಲಿಜಬೆತ್‌ಗೆ ಅದು ಹಿಡಿಸಲಿಲ್ಲ. ಇವಳಿಗೆ ಬುದ್ಧಿ ಇಲ್ಲ ಅಂದುಕೊಂಡಳು. ತಾನು ಎಂದಾದರೂ ಕ್ವೇಕರ್ ಆದರೂ ಹೀಗೆ ಸಭೆಯಲ್ಲಿ ಮಾತಾಡೋದಿಲ್ಲ ಅಂತ ಮನಸ್ಸಿನಲ್ಲೇ ಹೇಳಿಕೊಂಡಳು. ಈ ಮಾತು ನೆನಪಿರಲಿ.

ಕ್ವೇಕರರು ಅಂದರೆ ಯಾರು?

ಕ್ವೇಕರರು ಕ್ರೈಸ್ತರಲ್ಲೇ ಒಂದು ಪಂಥದವರು. ತಮ್ಮನ್ನು ತಾವು ಗೆಳೆಯರು ಅಂತ ಕರೆದುಕೊಳ್ಳುತ್ತಾರೆ. 1650ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬುವರ ಮುಂದಾಳುತನದಲ್ಲಿ ಈ ಪಂಥ ಬೆಳೆಯಿತು. ಪ್ರತಿಯೊಬ್ಬರ ಒಳಗೂ ದೇವರ ಬೆಳಕಿದೆ ಅನ್ನೋದು ಇವರ ನಂಬಿಕೆ. ಗಂಡಾಗಲಿ ಹೆಣ್ಣಾಗಲಿ, ಬಡವರಾಗಲಿ ಶ್ರೀಮಂತರಾಗಲಿ, ಎಲ್ಲರ ಒಳಗೂ.

ಆದ್ದರಿಂದ ಆಗ ಅವರ ಸಭೆಯಲ್ಲಿ ಪಾದ್ರಿ ಇರುತ್ತಿರಲಿಲ್ಲ. ಎಲ್ಲರೂ ಸುಮ್ಮನೆ ಕೂರುತ್ತಿದ್ದರು. ಯಾರಿಗೆ ಒಳಗಿನಿಂದ ಮಾತು ಬರುತ್ತದೋ ಅವರು ಎದ್ದು ಹೇಳುತ್ತಿದ್ದರು. ಹೆಂಗಸರೂ ಹೇಳುತ್ತಿದ್ದರು. ಆ ಕಾಲದಲ್ಲಿ ಬೇರೆ ಚರ್ಚುಗಳಲ್ಲಿ ಹೆಂಗಸರಿಗೆ ಈ ಅವಕಾಶ ಸಾಮಾನ್ಯವಾಗಿ ಇರಲಿಲ್ಲ. ಕ್ವೇಕರರು ಸಾದಾ ಬಟ್ಟೆ ತೊಡುತ್ತಿದ್ದರು. ಕುಣಿತ, ಅತಿಯಾದ ಕುಡಿತದಿಂದ ದೂರ ಇರುತ್ತಿದ್ದರು. ಯುದ್ಧಕ್ಕೆ ಹೋಗೋದಿಲ್ಲ ಎನ್ನುತ್ತಿದ್ದರು.

ಜನ ಇವರನ್ನು ಕಂಡು ನಗುತ್ತಿದ್ದರು. ಕ್ವೇಕರ್ ಅಂದರೆ ನಡುಗುವವನು ಅಂತ ಅರ್ಥ. ಅದು ಹೀಯಾಳಿಸಿ ಇಟ್ಟ ಹೆಸರು. ಆದರೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇವರು ಬಹಳ ಮಂದಿ ಇದ್ದರು. ಆ ವಸಾಹತನ್ನು ಕಟ್ಟಿದ ವಿಲಿಯಂ ಪೆನ್ ಕೂಡ ಕ್ವೇಕರನೇ.

ಒಂದು ‘ನೀನು’ ತಂದ ಜಗಳ

ಎಲಿಜಬೆತ್‌ಳ ಬಂಧುಗಳು ಪೆನ್ಸಿಲ್ವೇನಿಯಾದಲ್ಲಿದ್ದರು. ಅವಳು ಅವರನ್ನು ನೋಡಲು ಒಬ್ಬಳೇ ಹೋದಳು. ಹೋಗಿ ನೋಡಿದರೆ ಅವರು ಕ್ವೇಕರರು! ಅವಳಿಗೆ ಬೇಸರವಾಯಿತು. ಆ ಮನೆಯಲ್ಲಿ ಒಂದು ಪುಸ್ತಕ ಕಣ್ಣಿಗೆ ಬಿತ್ತು. ಏನಿದೆ ನೋಡೋಣ ಅಂತ ತೆರೆದಳು. ಓದುತ್ತಾ ಓದುತ್ತಾ ಕಣ್ಣಲ್ಲಿ ನೀರು ಬಂತು. ಯಾರಾದರೂ ನೋಡಿಯಾರು ಅಂತ ಮರೆಗೆ ಹೋಗಿ ಅತ್ತಳು. ಯಜಮಾನನ ಮನೆಯಲ್ಲಿ ಹೋಗಿದ್ದ ನಂಬಿಕೆ ಮೆಲ್ಲಗೆ ಮರಳಿತು. ಅಲ್ಲಿಯೇ ಉಳಿದು ಮಕ್ಕಳಿಗೆ ಪಾಠ ಹೇಳತೊಡಗಿದಳು. ಗಂಡನಿಗೂ ಬರಲು ಕಾಗದ ಬರೆದಳು.

ನಮ್ಮ ಕನ್ನಡದಲ್ಲಿ ‘ನೀನು’, ‘ನೀವು’ ಅಂತ ಎರಡು ಮಾತುಗಳಿವೆ ಅಲ್ಲವೇ? ಹಳೆಯ ಇಂಗ್ಲಿಷಿನಲ್ಲೂ ಹಾಗೆಯೇ ಇತ್ತು. ದೊಡ್ಡವರಿಗೆ ‘ನೀವು’, ಚಿಕ್ಕವರಿಗೆ ‘ನೀನು’. ಬರಬರುತ್ತಾ ಜನ ಎಲ್ಲರಿಗೂ ‘ನೀವು’ ಅನ್ನತೊಡಗಿದರು. ಕ್ವೇಕರರು ಮಾತ್ರ ಎಲ್ಲರಿಗೂ ‘ನೀನು’ ಎನ್ನುತ್ತಿದ್ದರು. ದೇವರ ಮುಂದೆ ಯಾರೂ ದೊಡ್ಡವರಲ್ಲ, ಯಾರೂ ಚಿಕ್ಕವರಲ್ಲ ಅನ್ನೋದು ಅವರ ವಾದ. ‘ನೀನು’ ಎಂದರೆ ಸಾಕು, ಇವರು ಕ್ವೇಕರರು ಅಂತ ಗೊತ್ತಾಗುತ್ತಿತ್ತು.

ಸಲಿವನ್ ಬಂದ. ಎಲಿಜಬೆತ್ ಪ್ರೀತಿಯಿಂದ ಎದುರು ಹೋದಳು. ನಿನ್ನನ್ನು ನೋಡಿ ಸಂತೋಷವಾಯಿತು ಅಂದಳು. ಬಾಯಿಂದ ಆ ‘ನೀನು’ ಬಂದದ್ದೇ ತಡ, ಅವನು ಕೆಂಡವಾದ. ನನಗೆ ನೀನು ಅನ್ನಬೇಡ ಅಂತ ಕೂಗಾಡಿದ. ಹೆಂಡತಿ ಕ್ವೇಕರ್ ಆಗಿದ್ದಾಳೆ ಅಂತ ಅವನಿಗೆ ತಿಳಿದುಹೋಯಿತು.

ಅವನು ಅವಳನ್ನು ಅಲ್ಲಿಂದ ಕರೆದುಕೊಂಡು ಹೊರಟ. ದಾರಿಯಲ್ಲಿ ಒಂದು ಹೆಂಡದಂಗಡಿ. ಜನ ಸೇರಿದ್ದರು. ಒಬ್ಬ ಪಿಟೀಲು ಬಾರಿಸುತ್ತಿದ್ದ. ಸಲಿವನ್ ಹೆಂಡತಿಯನ್ನು ಎಲ್ಲರ ಮುಂದೆ ಕುಣಿಯಲು ಎಳೆದ. ಅವಳು ಒಲ್ಲೆನೆಂದಳು. ಅವಳ ಕಣ್ಣಲ್ಲಿ ನೀರು ಸುರಿಯಿತು. ಆದರೂ ಅವನು ಬಿಡಲಿಲ್ಲ. ಕೊನೆಗೆ ಪಿಟೀಲಿನವನಿಗೇ ನೋಡಲಾಗಲಿಲ್ಲ. ಇನ್ನು ಬಾರಿಸೋದಿಲ್ಲ, ಹೆಂಡತಿಯನ್ನು ಬಿಟ್ಟುಬಿಡು ಅಂದ. ಪಿಟೀಲು ನಿಂತಿತು. ಕುಣಿತವೂ ನಿಂತಿತು.

ಆ ಪಿಟೀಲಿನವನ ಹೆಸರು ನಮಗೆ ಗೊತ್ತಿಲ್ಲ. ಆದರೆ ಅವನ ಮಾತು ಇವತ್ತಿಗೂ ಉಳಿದಿದೆ. ಸುತ್ತ ನಿಂತು ನೋಡುವವರಲ್ಲಿ ಒಬ್ಬರು ಬೇಡ ಅಂದರೂ ಸಾಕು, ಎಷ್ಟು ಬಲ ಬರುತ್ತದೆ ನೋಡಿ.

ಚಾಕುವಿನ ಮುಂದೆ

ಆಮೇಲೆಯೂ ಸುಖವಿರಲಿಲ್ಲ. ಸಭೆಗೆ ಹೋಗಬೇಡ ಅಂತ ಗಂಡನ ಹಟ. ಹೋಗುತ್ತೇನೆ ಅಂತ ಹೆಂಡತಿಯ ಛಲ. ಅವನು ಕುದುರೆ ಕೊಡಲಿಲ್ಲ. ಅವಳು ಮೈಲಿಗಟ್ಟಲೆ ನಡೆದು ಹೋದಳು.

ಒಂದು ದಿನ ಅವನು ಚಾಕು ತೆಗೆದ. ನಾಳೆ ಸಭೆಗೆ ಹೊರಟರೆ ಇದರಿಂದ ನಿನ್ನ ಕೈಕಾಲು ಊನ ಮಾಡುತ್ತೇನೆ ಅಂದ. ಎಲಿಜಬೆತ್ ಎದುರು ಕೂಗಾಡಲಿಲ್ಲ. ಹೊಡೆಯಲಿಲ್ಲ. ಮಾರನೇ ದಿನ ಸಭೆಗೆ ಹೊರಟಳು. ಅವನು ಚಾಕು ಎತ್ತಲಿಲ್ಲ.

ಇದನ್ನು ಓದಿ, ಚಾಕು ಹಿಡಿದ ಗಂಡನ ಎದುರು ಎಲ್ಲರೂ ಹೀಗೆಯೇ ನಿಲ್ಲಬೇಕು ಅಂತ ತಿಳಿಯಬೇಡಿ. ಎಲಿಜಬೆತ್‌ಗೆ ಕಾನೂನಿನ ಬೆಂಬಲ ಇರಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಜೀವಕ್ಕೆ ಅಪಾಯವಿದ್ದಾಗ ನೆರೆಯವರ, ಕಾನೂನಿನ ಸಹಾಯ ಪಡೆಯೋದು ಜಾಣತನ.

ಆಗಿನ ಇಂಗ್ಲಿಷ್ ಕಾನೂನು ಹೀಗಿತ್ತು. ಮದುವೆಯಾದ ಮೇಲೆ ಗಂಡ ಹೆಂಡತಿ ಒಂದೇ ವ್ಯಕ್ತಿ. ಆ ಒಂದೇ ವ್ಯಕ್ತಿ ಯಾರು? ಗಂಡ! ಹೆಂಡತಿಯ ಕೂಲಿ, ಸಂಬಳ ಗಂಡನಿಗೆ ಸೇರುತ್ತಿತ್ತು. ಅವಳು ತನ್ನ ಹೆಸರಲ್ಲಿ ಕರಾರು ಮಾಡುವಂತಿರಲಿಲ್ಲ. ಎಲಿಜಬೆತ್ ಪಾಠ ಹೇಳಿ ಗಳಿಸಿದ ಹಣವೂ ಕಾನೂನಿನ ಲೆಕ್ಕದಲ್ಲಿ ಗಂಡನದೇ.

ಗಂಡನ ಕೊನೆ

ಬರಬರುತ್ತಾ ಸಲಿವನ್‌ನ ಮನಸ್ಸು ಸ್ವಲ್ಪ ಮೆತ್ತಗಾಯಿತು. ಹೆಂಡತಿ ಹೇಳೋದರಲ್ಲಿ ಸತ್ಯ ಇದೆ ಅನ್ನಿಸತೊಡಗಿತು. ಆದರೆ ಜನ ನಕ್ಕಾರು ಅಂತ ಭಯ. ಒಳಗೊಂದು, ಹೊರಗೊಂದು. ಕುಡಿತಕ್ಕೆ ಬಿದ್ದ. 1740ರ ಸುಮಾರಿಗೆ ಒಂದು ದಿನ ಕುಡಿದ ಅಮಲಿನಲ್ಲಿ ಸೈನ್ಯಕ್ಕೆ ಹೆಸರು ಕೊಟ್ಟುಬಿಟ್ಟ. ಆಗ ಬ್ರಿಟಿಷರಿಗೂ ಸ್ಪೇನ್ ದೇಶಕ್ಕೂ ಯುದ್ಧ. ಅವನನ್ನು ಕ್ಯೂಬಾ ದ್ವೀಪಕ್ಕೆ ಸಾಗಿಸಿದರು.

ಅಲ್ಲಿ ಯುದ್ಧದ ಹೊತ್ತಿಗೆ ಅವನು ಬಂದೂಕು ಹಿಡಿಯಲು ಒಪ್ಪಲಿಲ್ಲ. ಮನುಷ್ಯರನ್ನು ಕೊಲ್ಲೋದಿಲ್ಲ ಅಂದ. ಹೆಂಡತಿಯ ಬಾಯಲ್ಲಿ ಕೇಳಿ ಸಿಟ್ಟಾಗುತ್ತಿದ್ದ ಮಾತು ಅವನ ಬಾಯಿಂದಲೇ ಬಂತು. ಸೈನ್ಯದವರು ಅವನನ್ನು ಬಹಳವಾಗಿ ಹೊಡೆದರು. ಕೆಲಸಕ್ಕೆ ಬಾರದವನಾದ ಅಂತ ಲಂಡನ್ ಹತ್ತಿರದ ಚೆಲ್ಸಿಯ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯೇ ಕೆಲವು ತಿಂಗಳಲ್ಲಿ ತೀರಿಕೊಂಡ.

ಎಲಿಜಬೆತ್ ಅವನನ್ನು ದೂರಲಿಲ್ಲ. ಅವನು ಕೊಟ್ಟ ಕಷ್ಟವನ್ನು ಮುಚ್ಚಿಡಲೂ ಇಲ್ಲ. ಎರಡನ್ನೂ ಇದ್ದದ್ದು ಇದ್ದ ಹಾಗೆ ಬರೆದಳು.

ಸಾಲ ತೀರಿಸಿದ ಕೈ

ಗಂಡ ಬಿಟ್ಟುಹೋದದ್ದು ಸುಮಾರು 80 ಪೌಂಡ್ ಸಾಲ. ಆಗಿನ ಕಾಲಕ್ಕೆ ಅದು ದೊಡ್ಡ ಮೊತ್ತ. ಅವಳ ಮುಖ ನೋಡಿಯೇ ಅವನಿಗೆ ಸಾಲ ಕೊಟ್ಟೆವು ಅಂತ ಸಾಲ ಕೊಟ್ಟವರು ಹೇಳಿದರು. ಅವಳು ಜಾರಿಕೊಳ್ಳಲಿಲ್ಲ. ಹಗಲು ಮಕ್ಕಳಿಗೆ ಪಾಠ ಹೇಳಿದಳು. ಜೊತೆಗೆ ಬಟ್ಟೆ ಹೊಲಿದಳು. ಕೆಲವು ವರ್ಷಗಳಲ್ಲಿ ಸಾಲದ ಬಹುಪಾಲು ತೀರಿಸಿದಳು. ಜೀತದಿಂದ ಬಿಡಿಸಿದ ಅದೇ ಸೂಜಿ ಸಾಲದಿಂದಲೂ ಬಿಡಿಸಿತು. ಈಗ ಸೂಜಿಯ ಜೊತೆ ಅಕ್ಷರವೂ ಸೇರಿತ್ತು.

ಈ ನಡುವೆ ಅವಳು ಸಭೆಗಳಲ್ಲಿ ಎದ್ದು ನಿಂತು ಮಾತಾಡತೊಡಗಿದ್ದಳು. ಹೌದು, ಬಾಸ್ಟನ್‌ನಲ್ಲಿ ಇನ್ನೊಬ್ಬ ಹೆಂಗಸನ್ನು ಕಂಡು ಬುದ್ಧಿ ಇಲ್ಲದವಳು ಅಂದುಕೊಂಡಿದ್ದ ಅದೇ ಎಲಿಜಬೆತ್!

1746ರಲ್ಲಿ ಅವಳು ಮೂರನೇ ಸಲ ಮದುವೆಯಾದಳು. ಗಂಡನ ಹೆಸರು ಆರನ್ ಆಶ್‌ಬ್ರಿಜ್. ಪೆನ್ಸಿಲ್ವೇನಿಯಾದ ಗೋಶೆನ್ ಎಂಬ ಊರಿನವನು, ಕ್ವೇಕರ್. ಈ ಸಲ ಹೆದರಿಕೆಯಿಲ್ಲದೆ ಬಾಳಿದಳು. 1753ರಲ್ಲಿ ಧರ್ಮಪ್ರಚಾರಕ್ಕೆ ಇಂಗ್ಲೆಂಡ್, ಐರ್ಲೆಂಡಿಗೆ ಹೋಗಬೇಕು ಅಂತ ಅವಳಿಗೆ ಅನ್ನಿಸಿತು. ಗಂಡ ಒಪ್ಪಿ ಕಳಿಸಿಕೊಟ್ಟ. ಅಲ್ಲಿ ಊರೂರು ತಿರುಗಿ ಮಾತಾಡಿದಳು. ಆರೋಗ್ಯ ಕೆಟ್ಟಿತು. 1755ರ ಮೇ ತಿಂಗಳಲ್ಲಿ ಐರ್ಲೆಂಡಿನಲ್ಲಿ ತೀರಿಕೊಂಡಳು.

ಬರೆದದ್ದು ಉಳಿಯಿತು

ಇಷ್ಟೆಲ್ಲ ನಮಗೆ ಹೇಗೆ ಗೊತ್ತಾಯಿತು? ಎಲಿಜಬೆತ್ ತನ್ನ ಕತೆಯನ್ನು ತಾನೇ ಬರೆದಿಟ್ಟಿದ್ದಳು. ಕೊನೆಯ ಭಾಗವನ್ನು ಆರನ್ ಸೇರಿಸಿದ. ಅವಳು ಸತ್ತ ಮೇಲೆ, 1774ರಲ್ಲಿ, ಅದು ಇಂಗ್ಲೆಂಡಿನಲ್ಲಿ ಪುಸ್ತಕವಾಗಿ ಅಚ್ಚಾಯಿತು. ಇವತ್ತಿಗೂ ಜನ ಅದನ್ನು ಓದುತ್ತಿದ್ದಾರೆ.

ಅವಳಂತೆ ಬೆದರಿ ಸಹಿ ಹಾಕಿದ, ಬರಿಗಾಲಲ್ಲಿ ಹಿಮ ತುಳಿದ ಹೆಂಗಸರು ಸಾವಿರಾರು. ಅವರ ಹೆಸರೂ ನಮಗೆ ತಿಳಿಯದು. ಇವಳು ಬರೆದಿಟ್ಟದ್ದರಿಂದ ಆ ಎಲ್ಲರ ಕಷ್ಟವೂ ನಮಗೆ ಅಷ್ಟಿಷ್ಟು ಗೊತ್ತಾಯಿತು.

ಕಾನೂನು ಬದಲಾಗಲು ಇನ್ನೂ ಬಹಳ ಕಾಲ ಬೇಕಾಯಿತು. 1848ರಲ್ಲಿ ನ್ಯೂಯಾರ್ಕ್ ಮತ್ತು ಪೆನ್ಸಿಲ್ವೇನಿಯಾದಲ್ಲಿ ಮದುವೆಯಾದ ಹೆಂಗಸು ಸ್ವಂತ ಆಸ್ತಿ ಇಟ್ಟುಕೊಳ್ಳಬಹುದು ಅಂತ ಕಾನೂನು ಬಂತು. ಇಂಗ್ಲೆಂಡಿನಲ್ಲಿ ಹೆಂಡತಿಯ ಸಂಪಾದನೆ ಹೆಂಡತಿಗೇ ಅಂತ 1870ರಲ್ಲಿ ಕಾನೂನಾಯಿತು. ಎಲಿಜಬೆತ್ ಸತ್ತು ಆಗಲೇ ನೂರು ವರ್ಷ ದಾಟಿತ್ತು.

ಈಗ ಆ ಅಕ್ಕನ ಪ್ರಶ್ನೆಗೆ ಬರೋಣ. ಓದು ಬರಹದಿಂದ ಎಲಿಜಬೆತ್‌ಳ ಗಂಡ ಕುಡಿಯೋದು ಬಿಟ್ಟನೇ? ಬಿಡಲಿಲ್ಲ. ಬೆದರಿಸಿ ಹಾಕಿಸಿದ ಸಹಿಯನ್ನು ಓದು ಬರಹ ತಡೆಯಿತೇ? ತಡೆಯಲಿಲ್ಲ. ಹಾಗಾದರೆ ಏನು ಸಿಕ್ಕಿತು? ಸ್ವಂತ ದುಡಿಮೆ ಸಿಕ್ಕಿತು. ಯಾವುದು ಸರಿ ಅಂತ ತಾನೇ ಓದಿ ತೀರ್ಮಾನಿಸುವ ಧೈರ್ಯ ಸಿಕ್ಕಿತು. ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡುವ ಬಲ ಸಿಕ್ಕಿತು. ತನ್ನ ಕತೆಯನ್ನು ಬೇರೆಯವರು ಹೇಳುವ ಬದಲು ತಾನೇ ಹೇಳಿದಳು.

ಮಾರನೇ ದಿನ ಆ ಅಕ್ಕನಿಗೆ ಈ ಕತೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಸ್ಲೇಟು ತೆಗೆದುಕೊಂಡರು. ತಮ್ಮ ಹೆಸರನ್ನು ಬರೆದರು. ಎರಡನೇ ಸಲ ಇನ್ನೂ ದೊಡ್ಡದಾಗಿ ಬರೆದರು.

ಪದಗಳ ಅರ್ಥ

ವಸಾಹತು – ಬೇರೆ ದೇಶದವರು ಬಂದು ನೆಲೆಸಿ ಆಳುವ ಪ್ರದೇಶ
ಕರಾರು – ಒಪ್ಪಂದದ ಕಾಗದ
ಪಿತೂರಿ – ಗುಟ್ಟಾಗಿ ಮಾಡುವ ಸಂಚು
ಪಂಥ – ಒಂದೇ ನಂಬಿಕೆ ಇರುವ ಜನರ ಗುಂಪು
ಛಲ – ಹಿಡಿದ ಕೆಲಸ ಬಿಡದ ಗಟ್ಟಿತನ

ಉತ್ತರ ಹೇಳಿ

1. ಎಲಿಜಬೆತ್ ಜೀತದಿಂದ ಹೇಗೆ ಬಿಡಿಸಿಕೊಂಡಳು?
2. ‘ನೀನು’ ಎಂಬ ಮಾತಿಗೆ ಗಂಡನಿಗೆ ಏಕೆ ಸಿಟ್ಟು ಬಂತು?
3. ಪಿಟೀಲಿನವನು ಏನು ಮಾಡಿದ?
4. ಗಂಡನ ಸಾಲವನ್ನು ಅವಳು ಹೇಗೆ ತೀರಿಸಿದಳು?

ಕೂಡಿ ಮಾತಾಡಿ

1. ಓದಿ ನೋಡದೆ, ಇಲ್ಲವೇ ಹೆದರಿ, ನೀವು ಯಾವುದಾದರೂ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೀರಾ? ಆಮೇಲೆ ಏನಾಯಿತು?
2. ಹೆಂಗಸಿನ ದುಡಿಮೆಯ ಹಣ ಯಾರ ಕೈಯಲ್ಲಿರಬೇಕು? ಏಕೆ?
3. ನೆರೆಮನೆಯಲ್ಲಿ ಹೆಂಡತಿಗೆ ಹೊಡೆತ ಬೀಳುತ್ತಿದ್ದರೆ ನಾವು ಏನು ಮಾಡಬಹುದು?

ನೀವೇ ಬರೆಯಿರಿ

ನಿಮ್ಮ ಬದುಕಿನಲ್ಲಿ ನಡೆದ ಒಂದು ಸಂಗತಿಯನ್ನು ಐದು ಸಾಲಿನಲ್ಲಿ ಬರೆಯಿರಿ. ತಪ್ಪಾದರೆ ಚಿಂತೆ ಬೇಡ. ಕೆಳಗೆ ನಿಮ್ಮ ಹೆಸರು ಬರೆಯೋದನ್ನು ಮರೆಯಬೇಡಿ.